ಸೋಲಾರ್ ನೀರು ಯಾಕೆ ಕಾಯುತ್ತಿಲ್ಲ?

ಬಾಣಂತನಕ್ಕೆಂದು ಮಗಳು ಮನೆಗೆ ಬಂದಿದ್ದಳು. ಕೂಸಿಗೆ ಇಪ್ಪತ್ತು ದಿನ. ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಎರೆದು ಮಲಗಿಸಬೇಕು. ಅಷ್ಟರಲ್ಲಿ ಬಚ್ಚಲಿನಿಂದ ಕೂಗು: "ಅಮ್ಮಾ, ಎರಡು ಚೊಂಬು ಬರೋದ್ರೊಳಗೆ ತಣ್ಣೀರು!"

ಹಿಂದಿನ ದಿನವಿಡೀ ಸುಡುಬಿಸಿಲು. ಹಾಗಾದರೆ ಕಾದ ನೀರು ಹೋದದ್ದೆಲ್ಲಿಗೆ? "ಹೀಟರು ಹಳೇದಾಯ್ತು, ಹೊಸದು ತರೋಣ" ಎಂದರು ನಮ್ಮ ಯಜಮಾನರು. ನನಗೇಕೋ ಮನಸ್ಸೊಪ್ಪಲಿಲ್ಲ.

ಕಾಯುವ ಬಗೆ

ಮನೆಗಳ ಸೋಲಾರ್ ಹೀಟರಿನಲ್ಲಿ ಸಾಮಾನ್ಯವಾಗಿ ಪಂಪು ಇರುವುದಿಲ್ಲ. ಪ್ಯಾನೆಲ್ಲಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಬಿಸಿಲಿರುವಷ್ಟು ಹೊತ್ತೂ ಹೀಗೆ ಸುತ್ತುತ್ತಲೇ ಇರಬೇಕು. ಆ ಸುತ್ತು ನಿಂತರೆ ಎಂಥ ಬಿಸಿಲಿದ್ದರೂ ವ್ಯರ್ಥ.

ನಿಲ್ಲುವುದೇಕೆ? ನಿಮ್ಮ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲವೇ? ಸೋಪು ನೊರೆ ಬರುವುದಿಲ್ಲವೇ? ಹಾಗಾದರೆ ಅದು ಗಡಸು ನೀರು. ಕಾದಾಗ ಅದರಲ್ಲಿನ ಸುಣ್ಣದಂಶ ಹೊರಬಿದ್ದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವಂತೆಯೇ ಬಿಳಿ ಚಕ್ಕೆಯಾಗಿ ಕೊಳವೆಯೊಳಗೆ ಕೂರುತ್ತದೆ. ಪಾತ್ರೆಯನ್ನಾದರೆ ಹುಣಸೆಹಣ್ಣು ಹಾಕಿ ಉಜ್ಜುತ್ತೇವೆ. ಕಣ್ಣಿಗೆ ಕಾಣದ ಕೊಳವೆಯನ್ನು ಯಾರು ಉಜ್ಜುತ್ತಾರೆ?

ಮೊದಲು ಇದನ್ನು ನೋಡಿ

ಗಾಜಿನ ಮೇಲೆ ಧೂಳು ಕೂತಿದೆಯೇ? ಪಕ್ಕದ ಹೊಸ ಮಹಡಿಯ ಅಥವಾ ತೆಂಗಿನ ಮರದ ನೆರಳು ಬೀಳುತ್ತಿದೆಯೇ? ಎಲ್ಲಾದರೂ ನೀರು ಸೋರುತ್ತಿದೆಯೇ? ಇವೇನೂ ಇಲ್ಲದೆ, ಮಧ್ಯಾಹ್ನ ಪ್ಯಾನೆಲ್ ಕಾದ ಕಾವಲಿಯಂತಿದ್ದರೂ ಟ್ಯಾಂಕಿನ ನೀರು ಉಗುರುಬೆಚ್ಚಗಷ್ಟೇ ಇದ್ದರೆ, ಕೊಳವೆ ಕಟ್ಟಿದೆಯೆಂದೇ ಅನುಮಾನಿಸಬೇಕು.

ನಾವು ಮಾಡಿದ ತಪ್ಪು

ಯಜಮಾನರು ನಡುಮಧ್ಯಾಹ್ನವೇ ಮಹಡಿ ಹತ್ತಿ ಪ್ಯಾನೆಲ್ಲಿನ ಕೆಳಗಿನ ಮುಚ್ಚಳ ತಿರುಗಿಸಿಬಿಟ್ಟರು. ಕುದಿನೀರು ಚಿಮ್ಮಿ ಮುಂಗೈ ಬೊಬ್ಬೆ ಎದ್ದಿತು! ತಕ್ಷಣ ಬಹಳ ಹೊತ್ತು ತಣ್ಣೀರು ಹರಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು. ಈ ಕೆಲಸ ಏನಿದ್ದರೂ ಸೂರ್ಯ ಹುಟ್ಟುವ ಮುಂಚೆಯೇ. ಆಗಲೂ ರಾತ್ರಿಯ ಬಿಸಿನೀರು ಒಳಗಿರಬಹುದು. ನಲ್ಲಿಯಲ್ಲಿ ಮೊದಲು ಅದನ್ನು ಬಿಟ್ಟುಬಿಡಿ.

ತೊಳೆಯುವ ಕ್ರಮ

ಮಾರನೆಯ ನಸುಕಿಗೆ ಪ್ಲಂಬರ್ ಬಂದ. ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್‌ನ ಸ್ವಿಚ್ಚನ್ನು ಮೊದಲು ಆರಿಸಿದ. ನೀರಿಲ್ಲದ ಟ್ಯಾಂಕಿನಲ್ಲಿ ಅದು ಸುಟ್ಟುಹೋಗುತ್ತದಂತೆ. ತಣ್ಣೀರಿನ ವಾಲ್ವ್ ಮುಚ್ಚಿ, ಕೆಳಗಿನ ಮುಚ್ಚಳ ಬಿಚ್ಚಿ ನೀರು ಹರಿಯಬಿಟ್ಟ. ಬಕೆಟ್ಟಿನ ತಳದಲ್ಲಿ ಕೆಂಪು ರಾಡಿ, ಮೊಟ್ಟೆಯ ಸಿಪ್ಪೆಯಂಥ ಚಕ್ಕೆಗಳು! ಮತ್ತೆ ವಾಲ್ವ್ ತೆಗೆದು, ನೀರು ತಿಳಿಯಾಗುವವರೆಗೂ ಹರಿಸಿದ. ಗಟ್ಟಿಯಾಗಿ ಅಂಟಿದ್ದಕ್ಕೆ ಚಕ್ಕೆ ಕರಗಿಸುವ ದ್ರಾವಣವನ್ನು ಪುಟ್ಟ ಪಂಪಿನಿಂದ ಸುತ್ತಿಸಿ, ಮತ್ತೆ ಮತ್ತೆ ಬರೀ ನೀರಿನಿಂದ ತೊಳೆದ. ಕೊನೆಗೆ ಮುಚ್ಚಳ ಬಿಗಿದು, ಬಿಸಿನೀರಿನ ನಲ್ಲಿ ತೆರೆದಿಟ್ಟು ಟ್ಯಾಂಕು ತುಂಬಿಸಿದ. ಗುಳುಗುಳು ನಿಂತು ನೀರು ಒಂದೇ ಸಮ ಬಂದರೆ ಒಳಗಿನ ಗಾಳಿ ಹೋಯಿತೆಂದು ಅರ್ಥ.

ಎಚ್ಚರಿಕೆ

ಕಕ್ಕಸು ತೊಳೆಯುವ ಆಸಿಡ್ಡನ್ನು ಎಂದೂ ಸುರಿಯಬೇಡಿ, ಲೋಹವನ್ನೇ ತಿಂದುಹಾಕುತ್ತದೆ. ದ್ರಾವಣದ ಕೆಲಸ ತಿಳಿದವರಿಗೇ ಇರಲಿ. ಗಾಜಿನ ಟ್ಯೂಬಿನ ಹೀಟರಾದರೆ, ಬಿಸಿಲಿನಲ್ಲಿ ಖಾಲಿ ನಿಂತ ಟ್ಯೂಬಿಗೆ ತಣ್ಣೀರು ತುಂಬಬೇಡಿ, ಒಡೆದೀತು. ಟ್ಯಾಂಕಿನ ಮೇಲೆ ನಿಂತಿರುವ ಗಾಳಿಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಗಡಸು ನೀರಿನ ನಮ್ಮ ಮನೆಯಲ್ಲಿ ಈಗ ಆರು ತಿಂಗಳಿಗೊಮ್ಮೆ ಬರೀ ನೀರಿನಿಂದ ತೊಳೆಸುತ್ತೇವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ತೊಳೆಸಿದ ಮರುದಿನ ನೀರು ಎಷ್ಟು ಕಾದಿತ್ತೆಂದರೆ, ಬೆರಕೆ ಮಾಡಿ, ಮೊಳಕೈ ಅದ್ದಿ ನೋಡಿಯೇ ಕೂಸಿಗೆ ಎರೆಯಬೇಕಾಯಿತು. ಬಾಣಂತಿ ಹಂಡೆಗಟ್ಟಲೆ ನೀರು ಹುಯ್ದುಕೊಂಡು ಬಂದು, "ಈಗ ಮೈ ಹಗುರಾಯ್ತಮ್ಮಾ" ಎಂದಳು. ಹೊಸ ಹೀಟರಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.