ಯುದ್ಧಕಾಲದ ಪ್ರಣಯವೂ ವಲಸೆಯ ಕಾನೂನೂ

ಪರದೇಶದ ಸೈನ್ಯ ಬೀಡುಬಿಟ್ಟ ಊರಿನಲ್ಲಿ ಸೈನಿಕರಿಗೂ ಸ್ಥಳೀಯ ಸ್ತ್ರೀಯರಿಗೂ ಪರಿಚಯ ಬೆಳೆದು, ಅದು ಕೆಲವೊಮ್ಮೆ ವಿವಾಹದಲ್ಲಿ ಪರ್ಯವಸಾನಗೊಳ್ಳುವುದು ಹೊಸ ಸಂಗತಿಯಲ್ಲ. ಇದು ಕೇವಲ ಖಾಸಗಿ ವಿಷಯವೆಂದು ಇತಿಹಾಸಕಾರರು ಬದಿಗಿರಿಸುವುದುಂಟು. ಆದರೆ ಎರಡನೆಯ ಮಹಾಯುದ್ಧದಲ್ಲಿ ಇಂತಹ ಸಂಬಂಧಗಳ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸಿದುದು ಕಾನೂನು ಎಂಬುದನ್ನು ಬ್ರಿಟನ್ ಮತ್ತು ಬೆಂಗಳೂರುಗಳ ನಿದರ್ಶನದಿಂದ ವಿವೇಚಿಸುವುದು ನಮ್ಮ ಉದ್ದೇಶ.

1942ರ ಜನವರಿಯಲ್ಲಿ ಅಮೆರಿಕದ ಪಡೆಗಳು ಉತ್ತರ ಐರ್ಲೆಂಡಿನಲ್ಲಿ ಬಂದಿಳಿದವು. ವಾಯುದಾಳಿಯಿಂದಲೂ ಪಡಿತರದ ಕಟ್ಟುಪಾಡಿನಿಂದಲೂ ಬಳಲಿದ್ದ ಬ್ರಿಟನ್ನಿನ ನೃತ್ಯಶಾಲೆಗಳಿಗೆ, ಸ್ಥಳೀಯ ಸೈನಿಕರಿಗಿಂತ ಹೆಚ್ಚು ವೇತನ ಪಡೆಯುತ್ತಿದ್ದ ಈ ಯುವಕರು ಹೊಸ ಕಳೆ ತಂದರು. ಸುಮಾರು 70,000 ಬ್ರಿಟಿಷ್ ಸ್ತ್ರೀಯರು ಅಮೆರಿಕನ್ನರನ್ನು ವರಿಸಿದರೆಂದು ಅಂದಾಜು. 1945ರ ಡಿಸೆಂಬರ್ 28ರ ಶಾಸನವು ಇಂತಹ ಪತ್ನಿಯರಿಗೆ ವಲಸೆಯ ಮಿತಿಯನ್ನು ಸಡಿಲಿಸಿತು. ಮುಂದಿನ ತಿಂಗಳೇ ‘ಅರ್ಜೆಂಟೀನಾ’ ಹಡಗು ಅವರನ್ನು ಹೊತ್ತು ಸೌತಾಂಪ್ಟನ್ನಿನಿಂದ ಹೊರಟಿತು.

ಇದೇ ಕಾಲದಲ್ಲಿ ಅಮೆರಿಕನ್ನರು ಬೆಂಗಳೂರಿಗೂ ಬಂದಿದ್ದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಯೋಗದಿಂದ 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೈನ್ಯದ ಆಡಳಿತಕ್ಕೆ ಒಳಪಟ್ಟು, ದುರಸ್ತಿಯ ಮಹಾಕೇಂದ್ರವಾಯಿತು. ದಂಡು ಪ್ರದೇಶದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಿದ್ದವು. ಆ ಸಮಾಜದ ಅನೇಕ ಯುವತಿಯರು ದೇಶದಾದ್ಯಂತ ದಾದಿಯರಾಗಿಯೂ ಟೆಲಿಫೋನ್ ಕಚೇರಿಗಳಲ್ಲಿಯೂ ಮಹಿಳಾ ಸಹಾಯಕ ಪಡೆಯಲ್ಲಿಯೂ ದುಡಿಯುತ್ತಿದ್ದರು. ಭಾಷೆ, ಮತ, ಸಂಗೀತ, ನೃತ್ಯಗಳಲ್ಲಿ ಇವರಿಗೂ ಬಂದವರಿಗೂ ಅಂತರ ಕಡಿಮೆ. ಸ್ನೇಹ ಸಹಜವೇ ಆಗಿತ್ತು.

ಅಂತರವಿದ್ದುದು ಕಾನೂನಿನಲ್ಲಿ. ವಿದೇಶದಲ್ಲಿ ವಿವಾಹವಾಗಲು ಸೈನಿಕನು ಮೇಲಧಿಕಾರಿಯ ಅನುಮತಿ ಪಡೆಯಬೇಕಿತ್ತು. ಈ ಅಧಿಕಾರದಿಂದಲೇ ಬ್ರಿಟನ್ನಿನಲ್ಲಿ ಆಫ್ರಿಕನ್ ಮೂಲದ ಸೈನಿಕರ ಎಷ್ಟೋ ವಿವಾಹಗಳು ತಡೆಯಲ್ಪಟ್ಟವು. ಭಾರತ ಮೂಲದವರು ‘ಬಿಳಿಯ’ರಲ್ಲವಾದುದರಿಂದ ಪೌರತ್ವಕ್ಕೆ ಅನರ್ಹರೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ತೀರ್ಪಿತ್ತಿತ್ತು. 1945ರ ಶಾಸನ ಈ ಜನಾಂಗೀಯ ಅಡ್ಡಿಯನ್ನು ತೆಗೆಯಲಿಲ್ಲ. ಭಾರತ ಸರಕಾರದ 1935ರ ಅಧಿನಿಯಮದ ಪ್ರಕಾರ, ತಂದೆಯ ಕಡೆಯ ಪುರುಷ ಪರಂಪರೆಯಲ್ಲಿ ಒಬ್ಬ ಯೂರೋಪಿಯನ್ ಪೂರ್ವಜನಿದ್ದರೂ ಇಲ್ಲಿ ಹುಟ್ಟಿದವಳು ಆಂಗ್ಲೋ-ಇಂಡಿಯನ್ ಆಗುತ್ತಿದ್ದಳು. ಅಮೆರಿಕದ ವಲಸೆ ಅಧಿಕಾರಿಗಾದರೋ ತಾಯಿಯ ಕಡೆಯ ರಕ್ತವೂ ಲೆಕ್ಕಕ್ಕೆ ಬರುತ್ತಿತ್ತು. ಒಂದು ದೇಶದಲ್ಲಿ ಆಕೆಗೆ ಮನ್ನಣೆ ತಂದ ವಂಶವೃಕ್ಷ, ಮತ್ತೊಂದು ದೇಶದ ಬಾಗಿಲಲ್ಲಿ ಆಕೆಯನ್ನು ತಡೆಯಬಹುದಾಗಿತ್ತು.

1946ರ ಜುಲೈಯಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ದೊರೆಯಿತು. 1947ರ ಜುಲೈ 22ರ ತಿದ್ದುಪಡಿ ಸೈನಿಕರ ಪತ್ನಿಯರ ಮೇಲಿದ್ದ ಜನಾಂಗೀಯ ನಿರ್ಬಂಧವನ್ನು ತೆಗೆದುಹಾಕಿತು. ಆದರೆ ಅಂದಿನಿಂದ 30 ದಿನಗಳೊಳಗಾಗಿ ವಿವಾಹ ನಡೆದಿರಬೇಕೆಂಬ ನಿಬಂಧನೆಯಿತ್ತು. ಯುದ್ಧ ಮುಗಿದು ಆಗಲೇ ಎರಡು ವರ್ಷ ಸಮೀಪಿಸಿತ್ತು.

ಆದುದರಿಂದ ಈ ವಿವಾಹಗಳ ಸಂಖ್ಯೆಯನ್ನು ಅನುರಾಗದ ಅಳತೆಯೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಾರದು. ದಾಖಲೆಯಲ್ಲಿ ಉಳಿದ ವಿವಾಹ ಕಾನೂನು ಅನುಮತಿಸಿದ ವಿವಾಹ. ಅನುಮತಿ ದೊರೆಯದ ಪ್ರಣಯವೂ ಇತಿಹಾಸದ ಭಾಗವೇ.