ರೀಲ್ ಕ್ಯಾಮೆರಾಕ್ಕೆ ಪಾಮ್ ಜೋಡಿಸಿದಾಗ

ಮೊಬೈಲ್‌ನಲ್ಲಿ ತೆಗೆದ ಫೋಟೊದ ‘ಡೀಟೇಲ್ಸ್’ ಯಾವತ್ತಾದರೂ ತೆರೆದು ನೋಡಿದ್ದೀರಾ? ಷಟರ್ ವೇಗ, ಅಪರ್ಚರ್, ದಿನಾಂಕ ಎಲ್ಲವೂ ಅಲ್ಲಿರುತ್ತವೆ. ಇದಕ್ಕೆಂದೇ ಎಕ್ಸಿಫ್ ಎಂಬ ಮಾನದಂಡ ಬಂದದ್ದು 1995ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು, ರೀಲ್ ಸುತ್ತುತ್ತಿದ್ದ ಕಾಲದಲ್ಲೇ, ನಿಕಾನ್ ಕಂಪನಿ ಇಂಥದ್ದೊಂದು ಕೆಲಸ ಮಾಡಿತ್ತು ಎಂದರೆ ನಂಬುತ್ತೀರಾ?

1992ರ ನಿಕಾನ್ ಎಫ್90 ಕ್ಯಾಮೆರಾದಲ್ಲಿ ಹತ್ತು ಪಿನ್‌ಗಳ ದುಂಡನೆಯ ಸಾಕೆಟ್ ಒಂದಿದೆ. ಅದಕ್ಕೆ ಕೇಬಲ್ ಹಾಕಿ, ಶಾರ್ಪ್ ಕಂಪನಿಯ ‘ವಿಜರ್ಡ್’ ಎಂಬ ಪುಟ್ಟ ಎಲೆಕ್ಟ್ರಾನಿಕ್ ಡೈರಿಗೆ ಜೋಡಿಸಬಹುದಿತ್ತು. ಡೈರಿಯೊಳಗೆ ನಿಕಾನ್‌ನ ಕಾರ್ಡ್ ತೂರಿಸಿದರೆ ತೆಗೆದ ಫ್ರೇಮ್‌ಗಳ ಲೆಕ್ಕ ಪರದೆಯ ಮೇಲೆ ಬರುತ್ತಿತ್ತು. 1994ರ ಎಫ್90ಎಕ್ಸ್‌ಗೂ ಈ ಸೌಲಭ್ಯವಿತ್ತು.

ನನಗೆ ಇದೆಲ್ಲ ತಿಳಿದದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ. ದಾವಣಗೆರೆಯಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಸೋದರಮಾವ ಅಂಗಡಿ ಮುಚ್ಚುವಾಗ ತಮ್ಮ ಎಫ್90ಎಕ್ಸ್ ನನ್ನ ಕೈಗಿಟ್ಟರು. ಜೊತೆಗೆ ಒಂದು ಕಟ್ಟು ಸಣ್ಣ ನೋಟ್‌ಬುಕ್‌ಗಳು. ರೋಲ್‌ಗೆ ಒಂದು ಪುಟ, ಪುಟಕ್ಕೆ 36 ಸಾಲು. ಪ್ರತಿ ಫೋಟೊ ಆದಮೇಲೆ ಪೆನ್ನು ತೆಗೆದು ಬರೆದ ಅಂಕಿಗಳು! ಕ್ಯಾಮೆರಾ ತಾನೇ ಲೆಕ್ಕ ಇಡಬಲ್ಲದು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಆರು ಸಂದರ್ಶನಗಳಿಗೆ ಹೋಗಿ ಬಂದಿದ್ದೆ. ನನ್ನ ರೆಸ್ಯೂಮೆಗೂ ಪಕ್ಕದ ಕುರ್ಚಿಯವನ ರೆಸ್ಯೂಮೆಗೂ ಹೆಸರು ಬಿಟ್ಟರೆ ವ್ಯತ್ಯಾಸವಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಈ ಕ್ಯಾಮೆರಾವನ್ನು ಮಾತಾಡಿಸೋಣ ಎನ್ನಿಸಿತು. ವಿಜರ್ಡ್ ಸಿಗಲಿಲ್ಲ. ಬೆಂಗಳೂರಿನ ಸಂಡೆ ಬಜಾರ್‌ನಲ್ಲಿ ಸಿಕ್ಕಿದ್ದು 1998ರ ಮಾಡೆಲ್ಲಾದ ಪಾಮ್ 3. 2 ಎಂಬಿ ಮೆಮೊರಿ, 160x160 ಚುಕ್ಕಿಗಳ ಪರದೆ, ಎರಡು ಸಣ್ಣ ಸೆಲ್. ಆದರೆ ಕೆಳಗೆ ಸೀರಿಯಲ್ ಪೋರ್ಟ್ ಇತ್ತು. ನನಗೆ ಬೇಕಿದ್ದದ್ದೂ ಅದೇ.

ಹತ್ತು ಪಿನ್‌ಗಳಿದ್ದರೂ ಸಂಭಾಷಣೆಗೆ ಮೂರೇ ತಂತಿ ಸಾಕು: ಕಳಿಸಲು ಒಂದು, ಪಡೆಯಲು ಒಂದು, ಇನ್ನೊಂದು ಗ್ರೌಂಡ್. ಹಾಗೆಂದು ನೇರವಾಗಿ ಜೋಡಿಸುವಂತಿಲ್ಲ. ಪಾಮ್‌ನ ಸೀರಿಯಲ್ ಸಂಕೇತ ಪ್ಲಸ್, ಮೈನಸ್ ವೋಲ್ಟೇಜ್‌ಗಳ ನಡುವೆ ಓಡಾಡುತ್ತದೆ. ಕ್ಯಾಮೆರಾಕ್ಕೆ ಅರ್ಥವಾಗುವುದು 0 ಮತ್ತು 5 ವೋಲ್ಟ್ ಮಾತ್ರ. ನಡುವೆ ದುಭಾಷಿಯಾಗಿ ಎಸ್.ಪಿ. ರೋಡ್‌ನಲ್ಲಿ ಕೊಂಡ ಮ್ಯಾಕ್ಸ್232 ಎಂಬ ಚಿಪ್ ಕೂರಿಸಿದೆ. ಉಚಿತ ಪರಿಕರಗಳಿಂದ ಸಿ ಭಾಷೆಯಲ್ಲಿ ಪಾಮ್‌ಗೆ ಒಂದು ಪ್ರೋಗ್ರಾಂ ಬರೆದೆ. ಈ ಕ್ಯಾಮೆರಾ ಮೊದಲು 1200 ಬಾಡ್ ವೇಗದಲ್ಲಿ ಮಾತ್ರ ಮಾತಾಡುತ್ತದೆ. ಎಬ್ಬಿಸುವ ಸಂಕೇತ ಕಳಿಸಿದರೆ ತನ್ನ ಹೆಸರು ಹೇಳುತ್ತದೆ. ಆಮೇಲಷ್ಟೇ 9600ಕ್ಕೆ ಏರಿಸಬಹುದು.

ಮೂರು ವಾರದ ನಂತರ ಒಂದು ರಾತ್ರಿ ಆ ಹಸಿರು ಪರದೆಯ ಮೇಲೆ ‘ಎಫ್90ಎಕ್ಸ್’ ಎಂಬ ಉತ್ತರ ಮೂಡಿತು. ಮನೆಯವರೆಲ್ಲ ಮಲಗಿದ್ದರು, ಕೂಗಾಡುವಂತಿರಲಿಲ್ಲ!

ಮೊದಲ ರೋಲ್ ಡೆವಲಪ್ ಮಾಡಿಸಿ, ನೆಗೆಟಿವ್ ಮತ್ತು ಪಾಮ್ ಎರಡನ್ನೂ ಮಾವನ ಮುಂದಿಟ್ಟೆ. ಅಲುಗಿದ ಹದಿನಾಲ್ಕನೇ ಫ್ರೇಮ್ ನೋಡಿ, ‘ಇದು ಹದಿನೈದರಲ್ಲಿ ಹೊಡೆದಿದ್ದೀಯ’ ಎಂದರು. ಪಾಮ್ ನೋಡಿದರೆ ಸೆಕೆಂಡಿನ 1/15! ‘ಇಷ್ಟು ಕಲಿಯೋಕೆ ನಾನು ಎಷ್ಟು ರೋಲ್ ಸುಟ್ಟಿದ್ದೀನಿ ಗೊತ್ತೇನೋ’ ಎಂದು ನಕ್ಕರು. ಆಮೇಲೆ ಬಹಳ ಹೊತ್ತು ತಮ್ಮ ನೋಟ್‌ಬುಕ್ ತಿರುವುತ್ತಾ ಕುಳಿತಿದ್ದರು.

ಏಳನೇ ಸಂದರ್ಶನದಲ್ಲಿ ಬಾಡ್ ರೇಟ್ ಎಂದರೇನು ಎಂದು ಕೇಳಿದರು. ಪುಸ್ತಕದ ವ್ಯಾಖ್ಯೆ ಹೇಳುವ ಬದಲು ಈ ಕತೆ ಹೇಳಿದೆ. ಇಪ್ಪತ್ತು ನಿಮಿಷ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಕೆಲಸ ಸಿಗಲಿಲ್ಲ, ಅನುಭವ ಇದ್ದವರು ಬೇಕಿತ್ತಂತೆ. ಆದರೂ ಆ ದಿನ ಬಸ್‌ನಲ್ಲಿ ಬರುವಾಗ ಹಿಂದಿನಂತೆ ಮಂಕು ಕವಿದಿರಲಿಲ್ಲ. ಕೇಳಿದ ಪ್ರತಿ ಪ್ರಶ್ನೆಗೂ ನನ್ನ ಕೈಯೇ ಕಲಿತ ಉತ್ತರವಿತ್ತು.

ಸ್ನೇಹಿತರೇ, ನಿಮ್ಮ ಮನೆಯ ಅಟ್ಟದ ಮೇಲೂ ಪೋರ್ಟ್ ಇರುವ ಹಳೆಯ ಸಾಮಾನು ಏನಾದರೂ ಬಿದ್ದಿರಬಹುದು. ಗುಜರಿಗೆ ಹಾಕುವ ಮುನ್ನ ಒಮ್ಮೆ ಮಲ್ಟಿಮೀಟರ್ ಹಿಡಿದು ನೋಡಿ. ಎಂಟನೇ ಸಂದರ್ಶನ ಮುಂದಿನ ವಾರ ಇದೆ. ಪಾಮ್‌ಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.