ಬಿದ್ದದ್ದು ಪ್ರಾಯದಿಂದಲೋ, ಮದ್ದಿನಿಂದಲೋ?

ಕಾಸರಗೋಡು: ಮನೆಯ ಹಿರಿಯರು ರಾತ್ರಿ ಮೂತ್ರಕ್ಕೆಂದು ಎದ್ದು ಬಚ್ಚಲಿನ ಬಾಗಿಲಲ್ಲಿ ಬಿದ್ದರೆ 'ಪ್ರಾಯ ಆಯಿತಲ್ಲ, ಕಾಲು ಜಾರಿತು' ಎನ್ನುವುದರೊಂದಿಗೆ ಮಾತು ಮುಗಿಯುತ್ತದೆ. ಅವರು ದಿನವೂ ನುಂಗುವ ಮಾತ್ರೆಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಮೊದಲು ನೋಡಬೇಕಾದ್ದು ಅಲ್ಲಿ.

ಮಲಗಿದವರು ಎದ್ದು ನಿಂತಾಗ ರಕ್ತ ಕಾಲಿನತ್ತ ಇಳಿಯುತ್ತದೆ. ಕೂಡಲೇ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯ ತುಸು ವೇಗವಾಗಿ ಬಡಿಯುತ್ತದೆ, ಒತ್ತಡ ಸರಿಹೋಗುತ್ತದೆ. ವಯಸ್ಸಾದಂತೆ ಈ ಚುರುಕು ಕುಂದುತ್ತದೆ. ಅದರ ಮೇಲೆ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ತೊಂದರೆಯ ಟಾಮ್ಸುಲೋಸಿನ್ ಸೇರಿದರೆ ಕಣ್ಣು ಕತ್ತಲೆ ಬರುವ ಸಂಭವ ಹೆಚ್ಚು. ನಿಂತ 3 ನಿಮಿಷದೊಳಗೆ ಬಿ.ಪಿ.ಯ ಮೇಲಿನ ಅಂಕೆ 20 ಅಥವಾ ಕೆಳಗಿನ ಅಂಕೆ 10ರಷ್ಟು ಇಳಿದರೆ ಅದು ಲಕ್ಷ್ಯ ಕೊಡಬೇಕಾದ ಇಳಿತ. ಕುಳ್ಳಿರಿಸಿ ಮಾತ್ರ ಬಿ.ಪಿ. ನೋಡಿದರೆ ಇದು ಗೊತ್ತಾಗುವುದೇ ಇಲ್ಲ.

ನಿದ್ದೆ ಮಾತ್ರೆಯ ಕಥೆ ಬೇರೆ. ಆಲ್ಪ್ರಜೋಲಾಂ, ಕ್ಲೋನಜೆಪಾಂನಂಥವು ಹಿರಿಯರ ದೇಹದಿಂದ ನಿಧಾನವಾಗಿ ಹೊರಹೋಗುತ್ತವೆ. ಬೆಳಿಗ್ಗೆಯೂ ಹೆಜ್ಜೆ ತಡವರಿಸುತ್ತದೆ. ಅಮೆರಿಕದ ವೈದ್ಯ ಮಾರ್ಕ್ ಬೀರ್ಸ್ 1991ರಲ್ಲಿ ಆರಂಭಿಸಿದ, ಹಿರಿಯರಿಗೆ ಸಾಮಾನ್ಯವಾಗಿ ಸಲ್ಲದ ಮದ್ದುಗಳ ಪಟ್ಟಿಯಲ್ಲಿ ಇವೂ ಇವೆ. ತುರಿಕೆಗೆಂದು ಅಂಗಡಿಯಲ್ಲಿ ಕೇಳಿ ತರುವ ಏವಿಲ್ ಕೂಡ ಮಂಪರು ತರುವಂಥದ್ದೇ. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಕುಸಿದು ಬೀಳಬಹುದು.

ಗಡಿಯವರಿಗೆ ಇನ್ನೊಂದು ತೊಡಕು. ಮಂಜೇಶ್ವರ, ಕುಂಬಳೆ ಕಡೆಯ ಅನೇಕರಿಗೆ ದೊಡ್ಡ ಕಾಯಿಲೆಗೆ ಮಂಗಳೂರು, ತಿಂಗಳ ಮಾತ್ರೆಗೆ ಊರಿನ ಸರಕಾರಿ ಆರೋಗ್ಯ ಕೇಂದ್ರ. ಅಲ್ಲಿಯ ಚೀಟಿ ತೋರಿಸದಿದ್ದರೆ ಇಲ್ಲಿಯ ವೈದ್ಯರಿಗೆ ತಿಳಿಯುವುದು ಹೇಗೆ? ಸ್ಟ್ಯಾಮ್ಲೋ, ಆಮ್ಲಾಂಗ್ ಎಂದು ಹೆಸರು ಎರಡಾದರೂ ಒಳಗಿರುವುದು ಅದೇ ಆಮ್ಲೋಡಿಪಿನ್. ಎರಡೂ ನುಂಗಿದರೆ ಬಿ.ಪಿ. ಮದ್ದು ದುಪ್ಪಟ್ಟು. ಮಾತ್ರೆಯ ಪಟ್ಟಿಯ ಮೇಲೆ ಮದ್ದಿನ ಮೂಲ ಹೆಸರು ಅಚ್ಚಾಗಿರುತ್ತದೆ, ಶಾಲೆಗೆ ಹೋಗುವ ಮೊಮ್ಮಕ್ಕಳಿಂದಾದರೂ ಓದಿಸಿ.

ಹಾಗೆಂದು ಮದ್ದನ್ನು ತಾವಾಗಿಯೇ ನಿಲ್ಲಿಸಬಾರದು. ಕ್ಲೋನಜೆಪಾಂ ಥಟ್ಟನೆ ಬಿಟ್ಟರೆ ಅಪಸ್ಮಾರ ಬರಲೂಬಹುದು, ಕೆಲವು ಬಿ.ಪಿ. ಮದ್ದು ಬಿಟ್ಟರೆ ಒತ್ತಡ ಒಮ್ಮೆಲೇ ಏರುತ್ತದೆ. ಎರಡೂ ಕಡೆಯ ಚೀಟಿ, ಮಾತ್ರೆ, ಕಷಾಯ, ಲೇಹ್ಯ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯುವುದು ಒಳ್ಳೆಯದು. ನಿಲ್ಲಿಸಿ ಬಿ.ಪಿ. ನೋಡುವಂತೆ ಕೇಳಲು ಸಂಕೋಚ ಬೇಡ. ರಾತ್ರಿ ಏಳುವಾಗ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಬಳಿಕ ನಿಲ್ಲಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.